ರವೆ ಪಾರ್ಟಿ

ಟೀವಿಯಲ್ಲಿ ಯಾರಾದರೂ ಕೆಂಪು ಅಕ್ಷರ ಓಡಿಸಿಕೊಂಡು 'ರೇವ್ ಪಾರ್ಟಿ, ರೇವ್ ಪಾರ್ಟಿ' ಎಂದು ಕೂಗಾಡಿದರೆ ನಮ್ಮ ಬೀದಿಯವರು ಛೀ ಥೂ ಎನ್ನುತ್ತಾರೆ. ನನಗೆ ಹಸಿವಾಗುತ್ತದೆ. ಸಾಸಿವೆ ಸಿಡಿದದ್ದು, ಕರಿಬೇವು ಬಿದ್ದದ್ದು, ಬನ್ಸಿ ರವೆ ಹುರಿದು ಘಮ್ಮೆಂದದ್ದು ಎಲ್ಲ ಮೂಗಿಗೆ ಬರುತ್ತದೆ. ಜೊತೆಗೆ ಅಂಗಾಲಿನಿಂದ ಹತ್ತಿ ಪಕ್ಕೆಲುಬಿನವರೆಗೆ ಹೋಗುತ್ತಿದ್ದ ಆ ಧಂ ಧಂ ಕೂಡ ನೆನಪಾಗುತ್ತದೆ. ಟೀವಿಯವರು ತೋರಿಸುವುದು ಯಾವ ಪಾರ್ಟಿಯೋ ನನಗೆ ಗೊತ್ತಿಲ್ಲ. ನಾನು ಕಂಡದ್ದು ಬೇರೆ. ಅದಕ್ಕೆ ಅಡುಗೆ ಮಾಡಿದವಳು ನಾನು, ಬಡಿಸಿದವಳು ನಾನು, ಕೊನೆಯ ವರ್ಷ ಸೌಟು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಕುಣಿದವಳೂ ನಾನೇ. ಯಾರು ಬೇಕಾದರೂ ನಗಲಿ, ಆ ದಿನಗಳು ಮತ್ತೆ ಬರಬೇಕು ಎಂದು ನನಗೆ ಈಗಲೂ ಆಸೆಯಿದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಮಾಗಡಿಯಲ್ಲಿ ನನ್ನದು ಅಡುಗೆ ಕಂಟ್ರಾಕ್ಟು, ಯಜಮಾನರದು ಮೈಕ್‌ಸೆಟ್ಟು ಮತ್ತು ಶಾಮಿಯಾನ. ಒಂದೇ ಮಳಿಗೆ, ಎರಡು ಬೋರ್ಡು. ಮದುವೆ, ನಾಮಕರಣ, ಬೀಗರೂಟ, ತಿಥಿ, ಏನೇ ಇದ್ದರೂ ಜನರ ಹೊಟ್ಟೆಗೆ ನಾನು, ಕಿವಿಗೆ ಅವರು. ನಮ್ಮ ಜೋಡಿಗೆ ತಾಲ್ಲೂಕಿನಲ್ಲಿ ಒಳ್ಳೆಯ ಹೆಸರಿತ್ತು.

ಆದರೆ ಒಂದು ಗುಟ್ಟು ಇತ್ತು. ಜನರ ಕಿವಿಗೆ ಅವರು ಎಂದೆನಲ್ಲ, ಅವರ ಸ್ವಂತ ಕಿವಿಯೇ ಕೈಕೊಟ್ಟಿತ್ತು. ಇಪ್ಪತ್ತು ವರ್ಷ ಸ್ಪೀಕರಿನ ಪಕ್ಕದಲ್ಲೇ ಕೂತು ಕೂತು, ಮೊದಲು ಹಕ್ಕಿಯ ಸದ್ದು ಹೋಯಿತು, ಆಮೇಲೆ ಫೋನಿನ ಗಂಟೆ ಹೋಯಿತು, ಆಮೇಲೆ ನಾನು ಹೋದೆ. ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳುವ ಆಸಾಮಿಯಲ್ಲ. "ಈಗಿನೋರು ಬಾಯಿ ಬುಟ್ಟು ಮಾತಾಡಾಕಿಲ್ಲ ಕಣಮ್ಮಿ," ಎನ್ನುತ್ತಿದ್ದರು. ಇಲ್ಲವೇ, "ಫ್ಯಾನ್ ಸದ್ದು ಜಾಸ್ತಿ ಐತೆ," ಎನ್ನುತ್ತಿದ್ದರು. ಕರೆಂಟು ಹೋಗಿ ಎರಡು ಗಂಟೆಯಾದ ಮೇಲೂ ನಮ್ಮ ಮನೆಯ ಫ್ಯಾನಿನ ಸದ್ದು ಜಾಸ್ತಿಯೇ ಇರುತ್ತಿತ್ತು.

ನನಗೆ ಸಿಟ್ಟೂ ಬರುತ್ತಿತ್ತು, ಭಯವೂ ಆಗುತ್ತಿತ್ತು. ಕಿವುಡನಿಗೆ ಮೈಕ್‌ಸೆಟ್ ಯಾರು ಒಪ್ಪಿಸುತ್ತಾರೆ? ಆ ಕೆಲಸ ಹೋದರೆ ಮನುಷ್ಯ ಮೂಲೆ ಸೇರಿಬಿಡುತ್ತಾರೆ ಎಂಬುದು ನನ್ನ ಭಯ. ಆಂಪ್ಲಿಫೈಯರಿನ ಗುಂಡಿ ತಿರುಗಿಸುವಾಗ ಅವರ ಮುಖಕ್ಕೆ ಬರುತ್ತಿದ್ದ ಕಳೆ ಊಟ ಮಾಡುವಾಗಲೂ ಬರುತ್ತಿರಲಿಲ್ಲ, ಅದೂ ನಾನು ಮಾಡಿದ ಊಟ. ಹಾಗಾಗಿ ಏನೂ ಆಗಿಲ್ಲವೆಂಬಂತೆ ನಾನೂ ನಟಿಸಿದೆ. ಆರು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಸೇರಿ ಆ ನಾಟಕ ಆಡಿದೆವು.

ಕೆಲಸ ನಡೆಯಲು ಒಂದು ಉಪಾಯ ಹುಟ್ಟಿಕೊಂಡಿತು. ಮದುವೆಮನೆಯಲ್ಲಿ ಅಡುಗೆ ಜಾಗಕ್ಕೂ ಮೈಕಿನ ಟೇಬಲ್ಲಿಗೂ ನಡುವೆ ಒಂದು ಅಡ್ಡತೆರೆ ಇರುತ್ತದೆ. ತೆರೆಯ ಮೇಲಿಂದ ನಾನು ಸೌಟು ಎತ್ತುತ್ತಿದ್ದೆ. ಸೌಟು ಮೇಲೆ ಹೋದರೆ ಮೈಕು ಕುಂಯ್ ಎನ್ನುತ್ತಿದೆ ಎಂದು ಅರ್ಥ. ಅಡ್ಡಡ್ಡ ಅಲ್ಲಾಡಿಸಿದರೆ ಸೌಂಡು ಜಾಸ್ತಿಯಾಯಿತು ಎಂದು. ಸೌಟು ತಲೆಕೆಳಗಾದರೆ, ಮೈಕು ಆನ್ ಇದೆ, ಬಾಯಿ ಮುಚ್ಚಿ ಎಂದು. ಈ ಮೂರನೆಯದು ಯಾಕೆ ಬೇಕಾಯಿತೆಂದರೆ, ಒಂದು ಮದುವೆಯಲ್ಲಿ ಇವರು ಮೈಕು ಆಫ್ ಆಗಿದೆ ಎಂದುಕೊಂಡು, "ಗಂಡಿನ ಕಡೇರು ಏನ್ ತಿಂತಾರಪ್ಪ, ಬಾಳೆಲೆನೂ ಬುಡಾಕಿಲ್ಲ," ಎಂದುಬಿಟ್ಟಿದ್ದರು. ಅದು ಕಲ್ಯಾಣ ಮಂಟಪದ ನಾಲ್ಕೂ ಮೂಲೆಗೆ ಕೇಳಿಸಿತ್ತು. ಇದ್ಯಾವುದನ್ನೂ ನಾವು ಕೂತು ಮಾತಾಡಿ ಒಪ್ಪಂದ ಮಾಡಿಕೊಂಡಿರಲಿಲ್ಲ. ಮಾತಾಡಿದರೆ ಗುಟ್ಟು ಒಪ್ಪಿಕೊಂಡಂತಾಗುತ್ತಿತ್ತಲ್ಲ. ತಾನಾಗಿಯೇ ರೂಢಿಯಾಯಿತು. ನೋಡಿದವರು ಅಡುಗೆಯವಳಿಗೆ ಏನೋ ಹರಕೆ ಇರಬೇಕು ಎಂದುಕೊಂಡಿದ್ದರು.

ಹೀಗಿರುವಾಗ ಒಂದು ಮಂಗಳವಾರ ಜುಟ್ಟಿನವನೊಬ್ಬ ಬಂದ. ಪೂಜಾರಿಯ ಜುಟ್ಟಲ್ಲ, ಕುದುರೆ ಬಾಲದ ಜುಟ್ಟು. ಮೂವತ್ತರ ಆಸುಪಾಸಿನ ಗಂಡಸು, ಪ್ಯಾಂಟಿನ ತುಂಬ ಜೇಬು, ಒಂದರಲ್ಲೂ ಬಾಚಣಿಗೆ ಇದ್ದಂತಿರಲಿಲ್ಲ. ಬೆಂಗಳೂರಿನವನು. ಗುಡೇಮಾರನಹಳ್ಳಿ ಹತ್ತಿರ ಒಂದು ಮಾವಿನ ತೋಪು ಮಾತಾಡಿ ಬಂದಿದ್ದೇನೆ, ಭಾನುವಾರ ಮುನ್ನೂರು ಜನ ಸೇರುತ್ತಾರೆ, ಶಾಮಿಯಾನ, ಜನರೇಟರು, ಜೊತೆಗೆ ಎರಡು ದೊಡ್ಡ ಬಾಕ್ಸ್ ಬೇಕು ಎಂದ. ಬಾಕ್ಸ್ ಎಂದರೆ ಸ್ಪೀಕರಿನ ಮರದ ಪೆಟ್ಟಿಗೆ, ನಮ್ಮವು ಬೀರುವಿನಷ್ಟು ಎತ್ತರ. ಏನು ಫಂಕ್ಷನ್ನು ಎಂದು ಕೇಳಿದ್ದಕ್ಕೆ ಒಂದು ಕಾಗದ ಕೊಟ್ಟ. ಕಪ್ಪು ಕಾಗದ, ಹಸಿರು ಸುರುಳಿ, ನಡುವೆ ನಾಲ್ಕು ಇಂಗ್ಲಿಷ್ ಅಕ್ಷರ.

ನಾನು ಏಳನೇ ಕ್ಲಾಸು ಪಾಸು. ಕೂಡಿಸಿ ಓದಿದೆ: ಆರ್, ಎ, ವಿ, ಇ. ಆ ನಾಲ್ಕು ಅಕ್ಷರ ನನಗೆ ಹೊಸದಾಗಿರಲಿಲ್ಲ. ನಮ್ಮ ಮಳಿಗೆಯ ಮೂಲೆಯಲ್ಲಿ ಸದಾ ಎರಡು ಮೂಟೆ ಇರುತ್ತಿದ್ದವು. ಮೂಟೆಯ ಮೇಲೆ 'ಬನ್ಸಿ' ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಇದೇ ನಾಲ್ಕು ಅಕ್ಷರ ಇದೇ ಸಾಲಾಗಿ ಹಾಕಿರುತ್ತಿದ್ದರು. ರವೆ.

"ರವೆ ಪಾರ್ಟಿನಾ?" ಎಂದೆ.

"ರೇವ್," ಎಂದ.

ಬೆಂಗಳೂರಿನವರ ಉಚ್ಚಾರ ಅಷ್ಟೇ ಎಂದುಕೊಂಡೆ. "ಬರೀ ರವೆನೇನಾ? ಅನ್ನ ಸಾರು ಬ್ಯಾಡ್ವಾ?"

"ಬರೀ ರೇವ್ ಆಂಟಿ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೂ ನಾನ್‌ಸ್ಟಾಪ್."

ಎಂಟು ಗಂಟೆ ಒಂದೇ ಸಮ ರವೆ ತಿನ್ನುವ ಮುನ್ನೂರು ಜನ! ನನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಉಪ್ಪಿಟ್ಟು ಎಂದರೆ ಮೂಗು ಮುರಿಯುವ ಜನರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. "ಯಾವ್ ರವೆ? ಬನ್ಸಿನಾ, ಚಿರೋಟಿನಾ?" ಎಂದು ಕೇಳಿದೆ.

ಅವನು ಒಂದು ಗಳಿಗೆ ನನ್ನನ್ನು ಗೌರವದಿಂದ ನೋಡಿದ. ಅವೆರಡೂ ತಾನು ಕೇಳದೇ ಇರುವ ಯಾವುದೋ ಹೊಸ ಸಂಗೀತದ ಹೆಸರು ಎಂದುಕೊಂಡನಂತೆ. ಅದನ್ನು ಎಷ್ಟೋ ದಿನದ ಮೇಲೆ ಅವನೇ ಹೇಳಿದ್ದು. ಆಗ ಮಾತ್ರ ಗಂಭೀರವಾಗಿ, "ಟ್ರಾನ್ಸ್," ಎಂದ. ಅಡುಗೆ ಏನು ಬೇಕಾದರೂ ಮಾಡಿ, ಜನ ಹಸಿದಿರುತ್ತಾರೆ ಎಂದು ಹೇಳಿ ಹೊರಟುಹೋದ.

ಇದೆಲ್ಲ ನಡೆಯುವಾಗ ಯಜಮಾನರು ಪಕ್ಕದಲ್ಲೇ ಕೂತು ತಲೆದೂಗುತ್ತಿದ್ದರು. ಅವನು ಹೋದ ಮೇಲೆ, "ಏನಂತೆ?" ಎಂದರು. "ರವೆ," ಎಂದೆ. "ಶವವಾ? ಯಾರ್ದು?" ಎಂದು ಮುಖ ಚಿಕ್ಕದು ಮಾಡಿಕೊಂಡರು. "ಹಂಗಾದ್ರೆ ಬಣ್ಣದ ಲೈಟು ಬ್ಯಾಡ, ಬಿಳೀದೇ ಇರ್ಲಿ." ನಾನು ಮೂಟೆ ತೋರಿಸಿ ವಿಷಯ ತಿಳಿಸಬೇಕಾಯಿತು.

ಟ್ರಾನ್ಸ್ ರವೆ ಎಂಬುದನ್ನು ನಾನು ಕಂಡವಳಲ್ಲ. ಪೇಟೆಬೀದಿಯ ದಿನಸಿ ಅಂಗಡಿಯವನನ್ನು ಕೇಳಿದೆ. ಅವನು ಗೊತ್ತಿಲ್ಲ ಎಂಬ ಮಾತನ್ನು ಹುಟ್ಟಿದಾರಭ್ಯ ಆಡಿದವನಲ್ಲ. "ಟ್ರಾನ್ಸಾ? ಮೊನ್ನೆ ತಾನೆ ಖಾಲಿಯಾಯ್ತು ಕಣಕ್ಕ, ಮುಂದಿನ್ ವಾರ ಬತ್ತದೆ," ಎಂದ. ಬೇರೆ ದಾರಿಯಿಲ್ಲದೆ ಬನ್ಸಿಯಲ್ಲೇ ಉಪ್ಪಿಟ್ಟು, ಚಿರೋಟಿಯಲ್ಲಿ ಕೇಸರಿಬಾತು, ಸಣ್ಣ ರವೆಯಲ್ಲಿ ಇಡ್ಲಿ, ರವೆ ವಡೆ, ರವೆ ಉಂಡೆ ಎಂದು ತೀರ್ಮಾನ ಮಾಡಿದೆ. ಹೆಸರಿಗೆ ತಕ್ಕ ಪಾರ್ಟಿ ಆಗಲಿ ಎಂದು ಪಾಯಸವನ್ನೂ ರವೆಯದೇ ಮಾಡಿದೆ.

ಆ ತೋಪಿನ ಮಾಲೀಕ ರೇಷ್ಮೆ ಸಾಕುವ ರೈತ. ತೋಪಿನ ಅಂಚಿನಲ್ಲೇ ಅವನ ಹುಳದ ಮನೆ. ಜುಟ್ಟಿನವನು ರಾತ್ರಿ ಪಾರ್ಟಿ ಎಂದು ಕೇಳಿದ್ದನಂತೆ. "ರಾತ್ರಿ ನಾನು ಹುಳಕ್ಕೆ ಸೊಪ್ಪು ಹಾಕ್ಬೇಕು, ನಿನ್ ಕುಣಿತಕ್ಕೆ ಹುಳ ಹಾಳಾದ್ರೆ ನೀನ್ ಕಟ್ಟಿಕೊಡ್ತೀಯಾ ಗೂಡ?" ಎಂದು ಈತ ಹಗಲಿಗೇ ಒಪ್ಪಿಸಿದ್ದ. ಹೀಗೆ ಪಾರ್ಟಿಯ ಸಮಯ ರೇಷ್ಮೆಹುಳದ ಊಟದ ಹೊತ್ತು ನೋಡಿ ನಿಗದಿಯಾಯಿತು.

ಭಾನುವಾರ ಬೆಳಿಗ್ಗೆ ಜನ ಬರತೊಡಗಿದರು. ಕೆಲವರು ಕಾರಿನಲ್ಲಿ, ಕೆಲವರು ಬೈಕಿನಲ್ಲಿ, ಉಳಿದವರು ಬಸ್ಸಿನಲ್ಲಿ. ನಮ್ಮ ಕಡೆ ರೈಲಿಲ್ಲವಲ್ಲ. ನೇರಳೆ ಬಣ್ಣದ ಕೂದಲಿನ ಹುಡುಗಿಯರು, ಮೂಗಿಗೂ ಹುಬ್ಬಿಗೂ ರಿಂಗು ಚುಚ್ಚಿಸಿಕೊಂಡ ಹುಡುಗರು ತರಕಾರಿ ಬುಟ್ಟಿಗಳ ನಡುವೆ ಕೂತು ಬಂದರು. ಕಂಡಕ್ಟರು ಅವರ ಕೈಯಲ್ಲಿದ್ದ ಕಾಗದ ಓದಿಕೊಂಡು, "ಯಾರ್ರೀ ರವೆ ಪಾರ್ಟಿ, ಇಳ್ಕಳಿ!" ಎಂದು ಕೂಗಿದನಂತೆ. ಅಂದರೆ ತಪ್ಪು ನನ್ನೊಬ್ಬಳದೇ ಅಲ್ಲ.

ಹತ್ತು ಗಂಟೆಗೆ ಸಂಗೀತ ಶುರುವಾಯಿತು. ಶುರುವಾದದ್ದು ನಮಗೆ ಗೊತ್ತಾಗಲಿಲ್ಲ. ಟಕ್ ಟಕ್ ಟಕ್ ಟಕ್ ಎಂದು ಒಂದೇ ಸಮ ಬಡಿಯುತ್ತಿತ್ತು, ನಾವು ಟೆಸ್ಟಿಂಗ್ ಎಂದುಕೊಂಡೆವು. ಅರ್ಧ ಗಂಟೆಯಾದರೂ ಟೆಸ್ಟಿಂಗ್ ಮುಗಿಯಲಿಲ್ಲ. ತೋಪಿನ ಮಾಲೀಕ ಬಂದು, "ಹಾಡೋರು ಬಸ್ ತಪ್ಪಿಸ್ಕಂಡವ್ರೆ ಅನ್ಸುತ್ತೆ ಕಣಕ್ಕ," ಎಂದು ನೊಂದುಕೊಂಡ. ಆಮೇಲೆ ಒಸಿ ಹೊತ್ತು ಕಿವಿಗೊಟ್ಟು, "ನಮ್ ಬೋರ್ ಕೊರೆಸ್ದಾಗ ಹಿಂಗೇ ಇತ್ತು, ಆರ್ನೂರು ಅಡಿ ಹೋದ್ರೂ ನೀರ್ ಬರ್ಲಿಲ್ಲ," ಎಂದ. ಮುನ್ನೂರು ಜನ ಮಾವಿನ ಮರಗಳ ಕೆಳಗೆ ನಿಂತು ಕಾಲು ಅಲ್ಲಾಡಿಸುತ್ತಿದ್ದರು, ಆದರೆ ಯಾರಲ್ಲೂ ಹುರುಪಿರಲಿಲ್ಲ.

ಜುಟ್ಟಿನವನೇ ಮೇಳ ನಡೆಸುವವನು. ಟೇಬಲ್ಲಿನ ಮೇಲೆ ಎರಡು ಯಂತ್ರ, ಒಂದು ಕಂಪ್ಯೂಟರು, ಒಂದು ಮೈಕು ಇಟ್ಟುಕೊಂಡು ಗುಂಡಿ ತಿರುಗಿಸುತ್ತಿದ್ದ. ಬೆವರುತ್ತಿದ್ದ. ಅವನು ತಂದ ಎರಡು ಬಾಕ್ಸ್, ನಮ್ಮ ಎರಡು ಬಾಕ್ಸ್, ನಾಲ್ಕೂ ಕಿರುಚುತ್ತಿದ್ದವೇ ಹೊರತು ಕೆಳಗಿನ ಸದ್ದು, ಅಂದರೆ ಆ ಧಂ ಎನ್ನುವ ಭಾಗ, ಬರುತ್ತಲೇ ಇರಲಿಲ್ಲ. ಬೆಂಗಳೂರಿನಿಂದ ಬಂದ ಗೆಳೆಯರೆಲ್ಲ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನೋಡಿದರು. ಇಂಗ್ಲಿಷಿನಲ್ಲಿ ಜಗಳವಾಡಿದರು. ಮೈಕು ಬೇರೆ ಕುಂಯ್ ಎಂದಿತು. ಅಭ್ಯಾಸಬಲದಿಂದ ನಾನು ಅಡುಗೆ ಜಾಗದಿಂದ ಸೌಟು ಎತ್ತಿದೆ. ಏನಾಯಿತು ಗೊತ್ತೇ, ಮುನ್ನೂರು ಜನ ನನ್ನ ಕಡೆ ನೋಡಿ ತಾವೂ ಕೈ ಮೇಲೆತ್ತಿದರು. ಗಾಬರಿಯಲ್ಲಿ ಸೌಟು ಅಡ್ಡಡ್ಡ ಅಲ್ಲಾಡಿಸಿದೆ. ಅವರೂ ಕೈ ಅಡ್ಡಡ್ಡ ಅಲ್ಲಾಡಿಸಿದರು. ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆಯ ಹಿಂದೆ ಕೂತುಬಿಟ್ಟೆ.

ಆಗ ಯಜಮಾನರು ಎದ್ದರು. ಅವರು ಯಾವ ಹೆಡ್‌ಫೋನೂ ಕೇಳಲಿಲ್ಲ. ನಾಲ್ಕು ಬಾಕ್ಸುಗಳ ಮುಂದೆ ಒಂದೊಂದಕ್ಕೂ ಅಂಗೈ ಒತ್ತಿ ನಿಂತರು, ಹೊಲದಲ್ಲಿ ಎತ್ತಿನ ಮೈ ಮುಟ್ಟಿ ನೋಡುವವರ ಹಾಗೆ. ಆಮೇಲೆ ನಡುವೆ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು. ನೆಟ್ಟಗೆ ಹೋಗಿ ಬೆಂಗಳೂರಿನ ಒಂದು ಬಾಕ್ಸಿನ ವೈರು ಕಿತ್ತರು. "ಅಂಕಲ್!" ಎಂದು ಎಲ್ಲರೂ ಕೂಗಿದರು. ಅವರಿಗೆ ಕೇಳಿಸಬೇಕಲ್ಲ. ಆದರೆ ವಿಚಿತ್ರ ನೋಡಿ, ಒಂದು ಬಾಕ್ಸು ನಿಂತ ಕೂಡಲೇ ಸದ್ದು ಜಾಸ್ತಿಯಾಯಿತು. "ಇದ್ರದ್ದು ಪ್ಲಸ್ಸು ಮೈನಸ್ಸು ಉಲ್ಟಾ ಆಗೈತೆ. ಅದು ಮುಂದಕ್ಕೆ ತಳ್ಳಿದ್ರೆ ಇದು ಹಿಂದಕ್ಕೆ ಎಳೀತೈತೆ. ಒಂದ್ನೊಂದು ತಿಂದಾಕ್ತವೆ," ಎಂದು ವೈರು ತಿರುಗಿಸಿ ಸಿಕ್ಕಿಸಿದರು.

ಧಂ!

ಆ ಮೊದಲ ಧಂ ನನಗೆ ಈಗಲೂ ನೆನಪಿದೆ. ಪಾಯಸದ ಮೇಲೆ ಉಂಗುರ ಉಂಗುರವಾಗಿ ಅಲೆ ಎದ್ದಿತು. ಎಳೆ ಮಾವಿನಕಾಯಿ ನಾಲ್ಕು ಉದುರಿದವು. ಮುನ್ನೂರು ಜನ ಒಟ್ಟಿಗೆ ಹೋ ಎಂದು ಹಾರಿದರು. ಯಜಮಾನರು ಬಾಕ್ಸಿಗೆ ಎರಡೂ ಅಂಗೈ ಒತ್ತಿ, ಕಣ್ಣು ಮುಚ್ಚಿ, ಹಾಗೇ ನಿಂತಿದ್ದರು. ಅವರ ಕೆನ್ನೆ ನಡುಗುತ್ತಿತ್ತು. ಅದು ಸ್ಪೀಕರಿನ ನಡುಕವೋ ಇನ್ನೇನೋ ಎಂದು ದೂರದಿಂದ ನನಗೆ ತಿಳಿಯಲಿಲ್ಲ.

ಹೊಟ್ಟೆಗೆ ಏನಾದರೂ ಹಾಕೋಣ ಎಂದು ಒಂದು ತಟ್ಟೆ, ಒಂದು ಸೌಟು ಉಪ್ಪಿಟ್ಟು ಹಿಡಿದುಕೊಂಡು ಹೋದೆ. ಅವರು ಜುಟ್ಟಿನವನ ಟೇಬಲ್ಲಿಗೆ ಒರಗಿ ನಿಂತಿದ್ದರು, ಮೊಣಕೈ ಪಕ್ಕದಲ್ಲೇ ಮೈಕು. ಅದರ ಕೆಂಪು ದೀಪ ಉರಿಯುತ್ತಿತ್ತು.

ಈ ಟ್ರಾನ್ಸ್ ಎಂಬ ಸಂಗೀತದಲ್ಲಿ ಒಂದು ಕಿತಾಪತಿ ಇದೆ. ಜೋರಾಗಿ ಬಡಿಯುತ್ತಾ ಬಡಿಯುತ್ತಾ ಇದ್ದಕ್ಕಿದ್ದ ಹಾಗೆ ಬಡಿತ ನಿಂತುಹೋಗುತ್ತದೆ. ಎಲ್ಲೋ ದೂರದಲ್ಲಿ ತಂಬೂರಿ ಮೀಟಿದ ಹಾಗೆ ಸಣ್ಣ ಸದ್ದೊಂದು ಉಳಿದಿರುತ್ತದೆ. ಜನ ಕೈ ಮೇಲೆತ್ತಿ ಉಸಿರು ಹಿಡಿದು ಕಾಯುತ್ತಾರೆ. ಆಮೇಲೆ ಮತ್ತೆ ಧಂ. ನಾನು ಹೋಗಿ ನಿಂತದ್ದೂ ಬಡಿತ ನಿಂತದ್ದೂ ಒಂದೇ ಸಲ. ಬಡಿತ ನಿಂತಿದ್ದರಿಂದ ಸಂಗೀತವೇ ಆಫ್ ಆಯಿತು ಎಂದುಕೊಂಡ ಯಜಮಾನರು ನನ್ನ ಕಡೆ ತಿರುಗಿದರು. ಕಣ್ಣಿನ ತುಂಬ ನೀರಿತ್ತು.

"ಅಮ್ಮಿ," ಎಂದರು. ಅದು ನಾಲ್ಕು ಬಾಕ್ಸಿನಲ್ಲೂ ಬಂತು.

ಸೌಟು ನನ್ನ ಕೈಯಲ್ಲೇ ಇತ್ತು. ತಲೆಕೆಳಗು ಮಾಡಿದ್ದರೆ ಸಾಕಿತ್ತು, ಅವರು ಅಲ್ಲಿಗೇ ಬಾಯಿ ಮುಚ್ಚುತ್ತಿದ್ದರು. ಅವರು ಸೌಟನ್ನು ನೋಡಿದರು ಕೂಡ. ಆದರೆ ಆರು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅವರ ತುಟಿಗೆ ಬಂದು ನಿಂತಿರುವುದು ನನಗೆ ಕಾಣುತ್ತಿತ್ತು. ಈಗ ತಡೆದರೆ ಈ ಜನ್ಮದಲ್ಲಿ ಮತ್ತೆ ಬರುವುದಿಲ್ಲ. ಸೌಟು ನೆಟ್ಟಗೇ ಹಿಡಿದೆ.

"ನಂಗೆ ಕಿವಿ ಕೇಳ್ಸಾಕಿಲ್ಲ ಕಣಮ್ಮಿ. ಯಾರ್ಗೂ ಹೇಳ್ಬ್ಯಾಡ."

ಮಾವಿನ ತೋಪು, ಹುಳದ ಮನೆ, ಆಚೆಯ ರಾಗಿ ಹೊಲ, ರಸ್ತೆಯ ಬಸ್‌ಸ್ಟಾಪು, ಎಲ್ಲ ಕಡೆಗೂ ಕೇಳಿಸಿತು. ಯಾರ್ಗೂ ಹೇಳ್ಬ್ಯಾಡ! ಆ ಕ್ಷಣಕ್ಕೆ ಸರಿಯಾಗಿ ಧಂ ಎಂದು ಬಡಿತ ವಾಪಸ್ಸು ಬಂತು. ಅರ್ಥ ಗೊತ್ತಿಲ್ಲದ ಮುನ್ನೂರು ಜನ, ಇದಕ್ಕಿಂತ ಒಳ್ಳೆಯ ಮಾತು ಲೋಕದಲ್ಲಿ ಯಾರೂ ಆಡಿಲ್ಲ ಎಂಬಂತೆ ಕೇಕೆ ಹಾಕಿ ಕುಣಿದರು. ಯಜಮಾನರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು ತಟ್ಟೆ ಇಸಿದುಕೊಂಡು, "ಉಪ್ಪು ಒಸಿ ಕಮ್ಮಿ ಐತೆ," ಎಂದರು. ನಾನು ಅಲ್ಲೇ ನಿಂತು ಗೊಳೋ ಎಂದು ಅತ್ತೆ. ಉಪ್ಪಿನ ಮಾತಿಗೆ ಇಷ್ಟು ಅಳಬೇಕೇ ಎಂದು ಅವರು ಗಾಬರಿಯಾದರು.

ಮಧ್ಯಾಹ್ನದ ಹೊತ್ತಿಗೆ ಒಂದೊಂದು ಪಾತ್ರೆಯೂ ಖಾಲಿಯಾಯಿತು. ಕುಣಿದವರ ಹಸಿವು ಹೇಗಿರುತ್ತದೆ ಎಂದು ನನಗೆ ಆವತ್ತು ತಿಳಿಯಿತು. ಜುಟ್ಟಿನವನು ಮೂರು ಸಲ ಹಾಕಿಸಿಕೊಂಡು ತಿಂದು, "ಆಂಟಿ, ಎಲ್ಲಾ ಐಟಮ್ಮೂ ರವೆದೇ ಯಾಕೆ?" ಎಂದು ಕೇಳಿದ. ನಾನು ಅವನ ಕಾಗದವನ್ನೂ ನನ್ನ ಮೂಟೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವನು ನೆಲದ ಮೇಲೆ ಉರುಳಿಕೊಂಡು ನಕ್ಕ. ಅವನ ಜೊತೆ ನಾನೂ ನಕ್ಕೆ. ಮುಂದಿನ ಪಾರ್ಟಿಯ ಕಾಗದದಲ್ಲಿ ಸುರುಳಿ ಇರಲಿಲ್ಲ. ಒಂದು ತಟ್ಟೆ ಉಪ್ಪಿಟ್ಟು, ಮೇಲೆ ಕನ್ನಡದಲ್ಲಿ ದೊಡ್ಡದಾಗಿ 'ರವೆ'.

ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುಟ್ಟು ಬಯಲಾಗಿತ್ತು, ಮಾಡಿದವಳು ನಾನು. ನನ್ನ ಜೊತೆ ಅಡುಗೆಗೆ ಬಂದಿದ್ದ ನಾಲ್ಕು ಹೆಂಗಸರು ಕೇಳಿಸಿಕೊಂಡಿದ್ದರು, ತೋಪಿನ ಮಾಲೀಕ ಕೇಳಿಸಿಕೊಂಡಿದ್ದ. ಸೋಮವಾರ ಮೊದಲ ಬಸ್ಸಿಗೆ ಸುದ್ದಿ ಮಾಗಡಿಗೆ ಬಂದು, ಎರಡನೇ ಬಸ್ಸಿಗೆ ಪಕ್ಕದ ಊರು ಕಲ್ಯಕ್ಕೆ ಹೋಗಿತ್ತು. ಒಂದು ಮದುವೆಯವರು ಮೈಕ್‌ಸೆಟ್ ಬೇಡ ಎಂದು ಹೇಳಿ ಕಳಿಸಿದರು. ಆಯಿತು, ಇನ್ನು ಅವರು ಮೂಲೆ ಸೇರಿದರು ಎಂದು ನಾನು ದೇವರ ಮುಂದೆ ಕೂತೆ.

ಮಿಕ್ಕವರು ಮಾಡಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ದಿನಸಿ ಅಂಗಡಿಯವನು ಒಂದು ಚೀಟಿ ಹಿಡಿದು ಬಂದ. ಅದರಲ್ಲಿ, 'ನಾಮಕರಣಕ್ಕೆ ಮೈಕ್ ಬೇಕು. ನನಗೆ ಗಂಟಲು ಕೆಟ್ಟಿದೆ' ಎಂದು ಬರೆದಿತ್ತು. ಹೊರಗೆ ಬಂದು ನನ್ನ ಹತ್ತಿರ ಚೆನ್ನಾಗಿಯೇ ಮಾತಾಡಿದ. "ಯಾರ್ಗೂ ಹೇಳ್ಬ್ಯಾಡ ಅಂದವ್ರಲ್ಲಕ್ಕ, ಅಷ್ಟೂ ಮಾಡ್ದಿದ್ರೆ ಹೆಂಗೆ?" ಎಂದ. ಅವತ್ತಿನಿಂದ ನಮ್ಮ ಮಳಿಗೆಗೆ ಬಂದವರಿಗೆಲ್ಲ ಗಂಟಲು ಕೆಟ್ಟಿತು. ಹಲವರು ಚೀಟಿ ತಂದರು, ಉಳಿದವರು ಎದುರಿಗೆ ನಿಂತು ತುಟಿ ದೊಡ್ಡದು ಮಾಡಿ ನಿಧಾನವಾಗಿ ಮಾತಾಡಿದರು. ಹೀಗೇ ತುಟಿ ನೋಡಿ ನೋಡಿ ಯಜಮಾನರು ಮಾತು ಹಿಡಿಯಲು ಕಲಿತುಬಿಟ್ಟರು. ಮಾಗಡಿಗೆ ಮಾಗಡಿಯೇ ಒಬ್ಬ ಮನುಷ್ಯನ ಗುಟ್ಟನ್ನು ಅವನಿಂದಲೇ ಬಚ್ಚಿಟ್ಟಿತು. "ಈ ವರ್ಷ ಊರ್ಗೆಲ್ಲ ಶೀತ ಹಿಡ್ಕಂಡೈತೆ," ಎಂದು ಅವರು ನನಗೆ ಹೇಳುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ನಮ್ಮ ಊರಿನ ಜನರನ್ನು ನಾನು ಬಾಯಿ ತುಂಬ ಬೈದದ್ದುಂಟು. ಆ ವಿಷಯದಲ್ಲಿ ಮಾತ್ರ ಅವರಿಗೆ ಕೈ ಮುಗಿಯಬೇಕು.

ಎರಡನೇ ಪಾರ್ಟಿಯಲ್ಲಿ ನನಗೆ ಇನ್ನೊಂದು ಆಘಾತ ಕಾದಿತ್ತು. ಜುಟ್ಟಿನವನ ಕಂಪ್ಯೂಟರು ಮೊದಲ ದಿನದ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿತ್ತಂತೆ. ಮಧ್ಯಾಹ್ನ ಬಡಿತ ನಿಂತಾಗ ಯಜಮಾನರ ದನಿ ತೋಪಿನ ತುಂಬ ಎದ್ದಿತು: 'ಕೇಳ್ಸಾಕಿಲ್ಲ ಕಣಮ್ಮಿ, ಕೇಳ್ಸಾಕಿಲ್ಲ ಕಣಮ್ಮಿ, ಯಾರ್ಗೂ, ಯಾರ್ಗೂ, ಯಾರ್ಗೂ ಹೇಳ್ಬ್ಯಾಡ', ಧಂ! ನನ್ನ ಕೈಯಿಂದ ಉಂಡೆಯ ತಟ್ಟೆ ಬಿತ್ತು. ಎರಡನೇ ಸಲ ಬಂದಾಗ ಮುನ್ನೂರು ಜನವೂ ದನಿಗೂಡಿಸಿದರು, ತಮಿಳರು, ಮಲಯಾಳಿಗಳು, ಒಬ್ಬ ಬಿಳಿಯ ಸಹ. ಯಜಮಾನರು ಬಾಕ್ಸಿಗೆ ಅಂಗೈಯಿಟ್ಟು, ಜನರ ಕಡೆ ಮುಖ ಮಾಡಿ ನಿಂತಿದ್ದರು. ನಾನು ಅವರ ಹತ್ತಿರ ಓಡಿದೆ.

"ಹೊಸಾ ಹಾಡು, ಚೆಂದಾಗೈತೆ," ಎಂದರು. "ಏನಂತ ಹೇಳ್ತೈತೆ?"

ಬಾಯಿಗೆ ಬಂದದ್ದು ಹೇಳಿದೆ. "ಊಟ ರೆಡಿ ಅಂತ."

"ಹಂಗಾ," ಎಂದು ತಲೆದೂಗಿದರು.

ನಾಲ್ಕು ವರ್ಷ ನಡೆಯಿತು ಆ ಸಂಭ್ರಮ. ತೋಪಿನ ಮಾಲೀಕ, ಧಂ ಧಂ ಶುರುವಾದ ಮೇಲೆ ತನ್ನ ಗೂಡು ಗಟ್ಟಿ ಬರುತ್ತಿದೆ ಎಂದು ರಾಮನಗರದ ಮಾರ್ಕೆಟ್ಟಿನಲ್ಲಿ ಹೇಳಿಕೊಂಡು ಬಂದ. ಆಮೇಲೆ ನಮ್ಮ ಕಡೆಗೂ ಕಾರ್ಖಾನೆಗಳು ಬಂದವು. ಮೊದಲು ಅಳತೆಯವರು, ಆಮೇಲೆ ಜೆಸಿಬಿಗಳು. ಮಾಲೀಕ ತೋಪು ಮಾರಿ ಪಟ್ಟಣದ ಕಡೆ ಮನೆ ಕಟ್ಟಿಸಿದ. ಕೊನೆಯ ಪಾರ್ಟಿ ನಡೆದಾಗ ಅರ್ಧ ಮರಗಳು ಉರುಳಿದ್ದವು, ಕಾಂಪೌಂಡಿಗೆ ಕಲ್ಲು ಬಂದು ಬಿದ್ದಿತ್ತು. ಆವತ್ತೇ ನಾನು ಕುಣಿದದ್ದು. ಜುಟ್ಟಿನವನು ಜುಟ್ಟು ಕತ್ತರಿಸಿದ್ದ. ಹೊರಡುವಾಗ ಒಂದು ಸಿ.ಡಿ. ಕೊಟ್ಟು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದ. ಮತ್ತೆ ಬರಲಿಲ್ಲ.

ಈಗ ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಿದೆ. ಒಂದು ಸಲ ಬಸ್ಸಿಗೆ ಕಾಯುತ್ತಾ ಯಜಮಾನರು ಅದರ ಕಾಂಪೌಂಡಿಗೆ ಅಂಗೈ ಒತ್ತಿ ನೋಡಿದರು. "ಇದೂ ಟ್ರಾನ್ಸೇ ಕಣಮ್ಮಿ. ಆದ್ರೆ ನಿಲ್ಲೋದ್ನ ಕಲ್ತಿಲ್ಲ," ಎಂದರು.

ಈಗ ಅವರಿಗೆ ಏನೇನೂ ಕೇಳುವುದಿಲ್ಲ. ಮಳಿಗೆ ಬೇರೆಯವರಿಗೆ ಬಿಟ್ಟುಕೊಟ್ಟೆವು, ಒಂದು ಬಾಕ್ಸು ಮಾತ್ರ ಮನೆಗೆ ತಂದೆವು. ಅದು ಅವರ ಮಂಚದ ಪಕ್ಕದಲ್ಲಿದೆ. ಊಟಕ್ಕೆ ಕರೆಯಬೇಕಾದರೆ ನಾನು ಕೂಗುವುದಿಲ್ಲ, ಆ ಸಿ.ಡಿ. ಹಾಕುತ್ತೇನೆ. ಮಂಚ ಅದುರುತ್ತದೆ, ಅವರು ಏಳುತ್ತಾರೆ. ಪಕ್ಕದ ಮನೆಯವರೂ ಏಳುತ್ತಾರೆ, ಅದು ಬೇರೆ ಮಾತು.

ಹೋದ ತಿಂಗಳು ಸಿ.ಡಿ. ಕೆಟ್ಟಿತು. ಒರೆಸಿದೆ, ಊದಿದೆ, ಸೆರಗಿನಿಂದ ತಿಕ್ಕಿದೆ. ಉಸಿರೇ ಬರಲಿಲ್ಲ. ಸೌಟು ಹಿಡಿದುಕೊಂಡು ಬಾಕ್ಸಿನ ಮುಂದೆ ಪೆಚ್ಚಾಗಿ ನಿಂತಿದ್ದೆ. ಉಪ್ಪಿಟ್ಟಿನ ವಾಸನೆಗೋ ಏನೋ, ಅವರೇ ಎದ್ದು ಬಂದರು. ಸಿ.ಡಿ. ತೋರಿಸಿದೆ.

"ಹೋದ್ರೆ ಹೋಯ್ತು ಬುಡು," ಎಂದರು. "ನೀನೇ ಹೇಳು ಅದ್ನ. 'ಯಾರ್ಗೂ ಹೇಳ್ಬ್ಯಾಡ' ಅಂತ."

ಸಿ.ಡಿ.ಯನ್ನು ಬಾಕ್ಸಿನ ಮೇಲಿಟ್ಟೆ. "ಯಾವಾಗಿಂದ ಗೊತ್ತು ನಿಮ್ಗೆ?" ಎಂದು ತುಟಿ ದೊಡ್ಡದು ಮಾಡಿ ಕೇಳಿದೆ.

"ಎರಡ್ನೇ ಪಾರ್ಟಿಲೇ. ಮುನ್ನೂರು ಬಾಯಿ ಎದ್ರುಗೆ ನಿಂತು ಒಂದೇ ಮಾತಾಡಿದ್ರೆ ಗೊತ್ತಾಗಾಕಿಲ್ವಾ? ನೀನ್ ನೋಡಿದ್ರೆ ಊಟ ರೆಡಿ ಅಂದೆ."

"ಮತ್ಯಾಕೆ ಇಷ್ಟ್ ವರ್ಷ ಸುಮ್ಕಿದ್ರಿ?"

"ಪಾಪ, ಊರ್ನೋರು ಅಷ್ಟು ಕಷ್ಟಪಟ್ಟು ಬಚ್ಚಿಟ್ಟವ್ರೆ. ಚೀಟಿ ಬೇರೆ ಬರ್ಕಂಡ್ ಬರೋರು. ಗೊತ್ತು ಅಂದ್ರೆ ಬೇಜಾರ್ ಮಾಡ್ಕಳಾಕಿಲ್ವಾ?" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಸೌಟನ್ನೇ ನೋಡುತ್ತಾ ಕೇಳಿದರು, "ಅವತ್ತು ಯಾಕ್ ತಿರುಗಿಸ್ಲಿಲ್ಲ?"

ಎಷ್ಟೋ ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದದ್ದು ಒಟ್ಟಿಗೆ ಮೇಲೆ ಬಂತು. ಭಯ, ಸಿಟ್ಟು, ಕ್ಷಮೆ, ಎಲ್ಲ ಸೇರಿ ಮಾತು ಯಾವ ಕಡೆಯಿಂದ ಶುರು ಮಾಡಬೇಕೋ ತಿಳಿಯದೆ ಗಡಗಡ ಹೇಳತೊಡಗಿದೆ. ಅಳುತ್ತಾ ಹೇಳುತ್ತಿದ್ದುದರಿಂದ ನನ್ನ ತುಟಿ ಅವರಿಗೆ ಓದಲು ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಅವರು ನನ್ನ ಕೈಯಿಂದ ಸೌಟು ತೆಗೆದುಕೊಂಡರು. ನನ್ನ ಮುಖದ ಮುಂದೆ ಹಿಡಿದು, ಮೆಲ್ಲಗೆ ತಲೆಕೆಳಗು ಮಾಡಿದರು.